ಹೇಟರಿನ ಶಿಲಾಮಾರ್ಗ

ಇಂಗ್ಲೆಂಡಿನ ಡೆವನ್ ಪ್ರಾಂತದ ಹೇಟರ್ ವೇಲ್ ಎಂಬ ಹಳ್ಳಿಯ ಮೇಲಣ ಬಯಲಿನಲ್ಲಿ, ಹುಲ್ಲಿನೊಳಗೆ ಅರ್ಧ ಹುದುಗಿರುವ ಈ ಹಳಿಗಳನ್ನು ಸಾವಧಾನದಿಂದ ನೋಡಿರಿ. ಇವು ಕಬ್ಬಿಣದವಲ್ಲ, ಕಲ್ಲುಗಣಿಯ ಗ್ರಾನೈಟ್ ಶಿಲೆಯನ್ನೇ ಕಡೆದು, ಗಾಲಿಗಳು ಜಾರದಂತೆ ಅಂಚು ತೆಗೆದು ಹಾಸಿದವು. ಕಾಲಡಿಯ ಕಲ್ಲನ್ನೇ ಮಾರ್ಗವಾಗಿಸಿದ ಆ ವಿವೇಕವು ನನಗೆ ಅತ್ಯಂತ ಶ್ಲಾಘ್ಯವೆನಿಸುತ್ತದೆ.

ಜಾರ್ಜ್ ಟೆಂಪ್ಲರ್ ಎಂಬವರು ನಿರ್ಮಿಸಿ 1820ರಲ್ಲಿ ತೆರೆದ ಈ ದಾರಿಯಲ್ಲಿ ಉಗಿಬಂಡಿ ಎಂದೂ ಓಡಲಿಲ್ಲ: ಶಿಲಾಭಾರವನ್ನು ಹೊತ್ತ ಬಂಡಿಗಳು ಬಹುಮಟ್ಟಿಗೆ ತಮ್ಮ ತೂಕದಿಂದಲೇ ಇಳಿಜಾರಿನಲ್ಲಿ ಸಾಗಿ ಸ್ಟೋವರ್ ಕಾಲುವೆಯನ್ನು ಸೇರುತ್ತಿದ್ದವು, ಬರಿದಾದವನ್ನು ಕುದುರೆಗಳು ಮೇಲಕ್ಕೆಳೆದು ತರುತ್ತಿದ್ದವು. ದೋಣಿಯಲ್ಲಿ ಟಿನ್‌ಮತ್ ಬಂದರಿಗೂ, ಅಲ್ಲಿಂದ ಹಡಗಿನಲ್ಲಿ ರಾಜಧಾನಿಗೂ ತೆರಳಿದ ಈ ಶಿಲೆಯು 1831ರಲ್ಲಿ ತೆರೆದ ಲಂಡನ್ ಸೇತುವೆಯ ನಿರ್ಮಾಣಕ್ಕೆ ಒದಗಿತು.

1858ರ ವೇಳೆಗೆ ಸಂಚಾರವು ನಿಂತುಹೋಯಿತು. ಕಬ್ಬಿಣದ ಹಳಿಯಾಗಿದ್ದರೆ ಕಿತ್ತು ಕರಗಿಸುತ್ತಿದ್ದರೇನೋ, ಕಲ್ಲಾದುದರಿಂದ ಬಹುದೂರದವರೆಗೆ ಹಾಸಿದಲ್ಲಿಯೇ ಉಳಿದಿದೆ.