ವಸತಿ ಯೋಜನೆಯ ಮನೆಗಳ ಪರಿಶೀಲನೆ ಮತ್ತು ಕುಟುಂಬದ ಖಾಸಗಿತನ

ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಹಾಗೂ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗಳಡಿ ನಿರ್ಮಾಣವಾಗುವ ಮನೆಗಳಿಗೆ ಕಂತಿನ ಹಣ ಬಿಡುಗಡೆಯಾಗುವ ಮೊದಲು ಸ್ಥಳ ಪರಿಶೀಲನೆ ನಡೆಯುತ್ತದೆ. ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ಹಂತಗಳಲ್ಲಿ ಜಿಪಿಎಸ್ ಛಾಯಾಚಿತ್ರ ತೆಗೆದು ತಂತ್ರಾಂಶದಲ್ಲಿ ಅಳವಡಿಸಲಾಗುತ್ತದೆ. ಸಾರ್ವಜನಿಕ ಹಣ ವ್ಯಯವಾಗುವಲ್ಲಿ ಪರಿಶೀಲನೆ ಬೇಡವೆಂದು ಯಾರೂ ಹೇಳಲಾರರು. ಆದರೆ ಪರಿಶೀಲನೆಗೆ ಹೋದವರು ಮನೆಯ ಯಾವ ಭಾಗದವರೆಗೆ ಹೋಗಬಹುದು, ಏನನ್ನು ನೋಡಬಹುದು, ನೋಡಿದ್ದನ್ನು ಯಾರಿಗೆ ತಿಳಿಸಬಹುದು ಎಂಬ ಪ್ರಶ್ನೆಗಳು ವಾರ್ಡ್ ಸಭೆಗಳಲ್ಲಿ ಚರ್ಚೆಗೆ ಬರುವುದು ಅಪರೂಪ. ಫಲಾನುಭವಿಯೂ ಕೇಳುವುದಿಲ್ಲ, ಮುಂದಿನ ಕಂತು ನಿಂತೀತೆಂಬ ಭಯ ಅವರಿಗಿರುತ್ತದೆ.

ಮೊದಲು ಒಂದು ಮೂಲಭೂತ ಅಂಶವನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ಬಡವರಿಗಾಗಿ ಸ್ಥಳೀಯ ಸಂಸ್ಥೆಗಳು ಕಟ್ಟಿದ ಮನೆಗಳಲ್ಲಿ ವಾಸಿಸುವವರು ಬಾಡಿಗೆದಾರರು, ಮಾಲೀಕತ್ವ ಸಂಸ್ಥೆಯದು. ಅಲ್ಲಿಯೂ ಸಹ 1985ರ ಬಾಡಿಗೆ ಕಾಯ್ದೆಯ ಪ್ರಕಾರ ಮನೆಯ ಸ್ಥಿತಿಯನ್ನು ನೋಡಲು ಬರುವ ಮಾಲೀಕನು ಕನಿಷ್ಠ 24 ಗಂಟೆ ಮುಂಚಿತವಾಗಿ ಲಿಖಿತ ಸೂಚನೆ ನೀಡಬೇಕು. ನಮ್ಮ ಗ್ರಾಮೀಣ ವಸತಿ ಯೋಜನೆಗಳಲ್ಲಿ ಪರಿಸ್ಥಿತಿ ಬೇರೆ. ನಿವೇಶನ ಫಲಾನುಭವಿಯದು, ಮನೆಯನ್ನು ಕಟ್ಟುವವರೂ ಅವರೇ, ಸರ್ಕಾರದ್ದು ಸಹಾಯಧನ ಮಾತ್ರ. ಗ್ರಾಮ ಪಂಚಾಯತಿಯು ಆ ಮನೆಗೆ ಮಾಲೀಕನಲ್ಲ. ಬಾಡಿಗೆ ಮನೆಯಲ್ಲಿರುವವನಿಗೆ ಸಲ್ಲುವ ಮರ್ಯಾದೆ ಸ್ವಂತ ಮನೆಯಲ್ಲಿರುವವನಿಗೆ ಸಲ್ಲದಿರಲು ಕಾರಣವಿಲ್ಲ.

ಕಾನೂನಿನ ನೆಲೆ

ಮನೆಯ ಖಾಸಗಿತನ ಹೊರದೇಶದಿಂದ ಬಂದ ಕಲ್ಪನೆಯೆಂದು ಭಾವಿಸುವವರಿದ್ದಾರೆ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯು ರೂಢಿಯಿಂದ ಬರುವ ಹಕ್ಕುಗಳಿಗೆ ಕೊಡುವ ಉದಾಹರಣೆಗಳಲ್ಲಿ ಒಂದು ಇದೇ: ಒಂದು ಪಟ್ಟಣದ ರೂಢಿಯಂತೆ, ನೆರೆಮನೆಯವರ ಖಾಸಗಿತನಕ್ಕೆ ಗಣನೀಯ ಭಂಗ ಬರುವಂತೆ ಯಾರೂ ಹೊಸ ಕಿಟಕಿ ತೆರೆಯುವಂತಿಲ್ಲ. ಅಂದರೆ ಈ ರೂಢಿ ಕಾಯ್ದೆ ಬರೆಯುವ ಮೊದಲೇ ಇಲ್ಲಿನ ಊರುಗಳಲ್ಲಿತ್ತು.

ಮನೆ ತಪಾಸಣೆಯ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 1962ರಲ್ಲಿ. ಖರಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಪೊಲೀಸರು ರಾತ್ರಿ ವೇಳೆ ಮನೆಗೆ ಬಂದು ಪರಿಶೀಲಿಸಲು ಅವಕಾಶವಿತ್ತ ನಿಯಮವನ್ನು ನ್ಯಾಯಾಲಯ ರದ್ದುಪಡಿಸಿತು. ಆದರೆ ಖಾಸಗಿತನ ಒಂದು ಮೂಲಭೂತ ಹಕ್ಕು ಎಂದು ಆಗ ಒಪ್ಪಲಿಲ್ಲ. ಆ ಮಾತು ಸ್ಪಷ್ಟವಾದದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪಿನಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನದಲ್ಲಿ ಸರ್ಕಾರ ಹಸ್ತಕ್ಷೇಪ ಮಾಡುವುದಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟು ಪ್ರಮಾಣವನ್ನು ಮೀರಬಾರದು ಎಂಬ ಅಳತೆಗೋಲು ಆ ತೀರ್ಪಿನಿಂದ ದೊರೆಯಿತು. ಪಂಚಾಯತಿ ಮಟ್ಟದ ಪರಿಶೀಲನೆಯಲ್ಲಿ ಮೊದಲೆರಡು ಸಾಮಾನ್ಯವಾಗಿ ಇದ್ದೇ ಇರುತ್ತವೆ. ತಪ್ಪುವುದು ಮೂರನೆಯದು.

ಸಹಾಯಧನ ಪಡೆದವರು ಮನೆ ಭೇಟಿಯನ್ನು ನಿರಾಕರಿಸಬಹುದೇ? ಅಮೆರಿಕದಲ್ಲಿ ಈ ಪ್ರಶ್ನೆ 1971ರಲ್ಲಿ ಇತ್ಯರ್ಥವಾಯಿತು. ನ್ಯೂಯಾರ್ಕಿನಲ್ಲಿ ಮಗುವಿನ ಪಾಲನೆಗಾಗಿ ಸರ್ಕಾರಿ ನೆರವು ಪಡೆಯುತ್ತಿದ್ದ ತಾಯಿಯೊಬ್ಬರು ಅಧಿಕಾರಿಗಳ ಮನೆ ಭೇಟಿಗೆ ಒಪ್ಪಲಿಲ್ಲ. ಭೇಟಿಯನ್ನು ನೆರವಿನ ಷರತ್ತಾಗಿ ವಿಧಿಸಬಹುದೆಂದು ಬಹುಮತದ ತೀರ್ಪು ಹೇಳಿತು. ಆದರೆ ಮುಂಚಿತ ಲಿಖಿತ ಸೂಚನೆ ಇದ್ದುದು, ಬಲವಂತದ ಪ್ರವೇಶಕ್ಕೂ ಅವೇಳೆಯ ಭೇಟಿಗೂ ಅವಕಾಶವಿಲ್ಲದಿದ್ದುದು ಆ ನಿರ್ಣಯಕ್ಕೆ ಮುಖ್ಯ ಆಧಾರಗಳಾದವು. ಭಿನ್ನ ತೀರ್ಪು ನೀಡಿದ ನ್ಯಾಯಮೂರ್ತಿ ಡಗ್ಲಸ್ ಅವರು ಎತ್ತಿದ ಪ್ರಶ್ನೆ ತೊಗರಿಯ ನಾಡಿಗೂ ಹೊಂದುತ್ತದೆ: ಇದೇ ಸರ್ಕಾರದ ಹಣ ಪಡೆಯುವ ಸ್ಥಿತಿವಂತ ಹತ್ತಿ ಅಥವಾ ಗೋಧಿ ಬೆಳೆಗಾರನಾಗಿದ್ದರೆ ಇದೇ ಧೋರಣೆ ಇರುತ್ತಿತ್ತೇ? ಬೆಳೆ ಪರಿಹಾರ ಪಡೆದ ರೈತನ ಅಡುಗೆ ಮನೆಯನ್ನು ಯಾರೂ ನೋಡುವುದಿಲ್ಲ. ಮನೆ ಪಡೆದವರ ಅಡುಗೆ ಮನೆಯನ್ನೇ ನೋಡುವುದೇಕೆಂಬುದಕ್ಕೆ ಉತ್ತರ ನಮ್ಮ ಬಳಿ ಇರಬೇಕು.

ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಇನ್ನೊಬ್ಬರ ವಾಸದ ಮನೆ ಪ್ರವೇಶಿಸುವುದು ಅಪರಾಧ. ಸದಸ್ಯತ್ವದ ಸ್ಥಾನ ಇದಕ್ಕೆ ವಿನಾಯಿತಿಯಲ್ಲ. ಚುನಾವಣೆಯ ಹಗೆತನ ಇನ್ನೂ ಆರದ ಓಣಿಗಳಲ್ಲಿ ಈ ಮಾತನ್ನು ನೆನಪಿಡುವುದು ಒಳಿತು.

ಏನನ್ನು ನೋಡಬೇಕು

ತಾಂತ್ರಿಕವಾಗಿ ನೋಡಿದರೆ ತಳಪಾಯ, ಲಿಂಟಲ್ ಹಾಗೂ ಛಾವಣಿ ಹಂತಗಳನ್ನು ಹೊರಗೆ ನಿಂತೇ ದೃಢಪಡಿಸಬಹುದು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಹೊರ ಅಳತೆಯಿಂದ ಗೋಡೆಯ ದಪ್ಪ ಕಳೆದರೆ ಒಳ ಅಳತೆ ಸಿಗುತ್ತದೆ. ಪ್ರತಿ ಕೋಣೆಯಲ್ಲಿ ಟೇಪು ಹಿಡಿಯಬೇಕಿಲ್ಲ. ಶೌಚಾಲಯದ ಗುಂಡಿಯೂ ಸಾಮಾನ್ಯವಾಗಿ ಹಿತ್ತಲಲ್ಲಿರುತ್ತದೆ. ಒಳಗೆ ನೋಡಲೇಬೇಕಾದದ್ದು ಮುಕ್ತಾಯ ಹಂತದಲ್ಲಿ ಮಾತ್ರ: ನೆಲ, ಬಾಗಿಲು, ಶೌಚಾಲಯ ಬಳಕೆಗೆ ಸಿದ್ಧವಿದೆಯೇ ಎಂಬುದು. ಅದಕ್ಕೆ ಹತ್ತು ನಿಮಿಷ ಸಾಕು.

ಕಾಗದದ ಮೇಲೆ ಇದು ಸರಳ. ವಾಸ್ತವದಲ್ಲಿ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುವ ಕುಟುಂಬಗಳೇ ಹೆಚ್ಚು. ಅಷ್ಟು ದಿನ ಅವರು ಪಕ್ಕದಲ್ಲಿ ನಾಲ್ಕು ತಗಡು ನಿಲ್ಲಿಸಿಕೊಂಡೋ, ಅರ್ಧ ಎದ್ದ ಗೋಡೆಗಳಿಗೆ ಸೀರೆ ಕಟ್ಟಿಕೊಂಡೋ ಬಾಳುತ್ತಾರೆ. ಪರಿಶೀಲಕರ ಕಣ್ಣಿಗೆ ಅದು ಲಿಂಟಲ್ ಹಂತದ ಕಟ್ಟಡ. ಬಾಣಂತಿಯೊಬ್ಬಳಿಗೆ ಅದು ಮಲಗುವ ಕೋಣೆ. ಬಚ್ಚಲಿಗೆ ಬಾಗಿಲಿರುವುದಿಲ್ಲ. ಇಂತಹ ಜಾಗಕ್ಕೆ ಮೊಬೈಲ್ ಹಿಡಿದು ನೇರವಾಗಿ ನುಗ್ಗಬಾರದು. ಹಿಂದಿನ ದಿನ ತಿಳಿಸಿ, ಮನೆಯ ಹೆಣ್ಣುಮಕ್ಕಳು ಅಣಿಯಾಗುವವರೆಗೆ ಹೊರಗೆ ಕಾಯಬೇಕು. ಮನೆ ಮಂಜೂರಾಗುವುದು ಬಹುತೇಕ ಮಹಿಳೆಯ ಹೆಸರಿನಲ್ಲಿ. ಆದ್ದರಿಂದ ಒಪ್ಪಿಗೆಯನ್ನೂ ಅವರಿಂದಲೇ ಕೇಳಬೇಕು, ಕಟ್ಟೆಯ ಮೇಲೆ ಕುಳಿತ ಗಂಡಸರಿಂದಲ್ಲ. ಅವರು ಒಬ್ಬರೇ ಇದ್ದಲ್ಲಿ ಮಹಿಳಾ ಸದಸ್ಯೆ ಅಥವಾ ಮಹಿಳಾ ಸಿಬ್ಬಂದಿ ಜೊತೆಗಿರುವುದು ಸೂಕ್ತ.

ಅರ್ಹತೆಯ ಪರಿಶೀಲನೆಯ ವಿಷಯದಲ್ಲಿ ಒಂದು ಮಹತ್ವದ ಬದಲಾವಣೆಯಾಗಿದೆ. ಆವಾಸ್ ಯೋಜನೆಯಲ್ಲಿ ಹಿಂದೆ 13 ಅನರ್ಹತಾ ಮಾನದಂಡಗಳಿದ್ದವು. ಫ್ರಿಜ್, ಸ್ಥಿರ ದೂರವಾಣಿ, ಮೋಟಾರು ಬೈಕು ಇದ್ದರೂ ಹೆಸರು ಬಿಟ್ಟುಹೋಗುತ್ತಿತ್ತು; ಆದ್ದರಿಂದ ಮನೆಯೊಳಗೆ ಇಣುಕುವುದಕ್ಕೆ ಒಂದು ನೆಪವಿತ್ತು. 2024ರಲ್ಲಿ ಇವುಗಳನ್ನು ಕೈಬಿಟ್ಟು ಮಾನದಂಡಗಳನ್ನು 10ಕ್ಕೆ ಇಳಿಸಲಾಯಿತು, ಮಾಸಿಕ ಆದಾಯದ ಮಿತಿಯನ್ನು 10,000 ರೂಪಾಯಿಯಿಂದ 15,000ಕ್ಕೆ ಏರಿಸಲಾಯಿತು. ಈಗ ಉಳಿದಿರುವ ಜಮೀನಿನ ವಿಸ್ತೀರ್ಣ ಪಹಣಿಯಲ್ಲಿದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಬ್ಯಾಂಕಿನಲ್ಲಿದೆ. ಆದಾಯ ತೆರಿಗೆ, ವೃತ್ತಿ ತೆರಿಗೆ, ಸರ್ಕಾರಿ ನೌಕರಿ ಎಲ್ಲವೂ ದಾಖಲೆಯ ವಿಷಯ. ಕಾರು, ಟ್ರ್ಯಾಕ್ಟರು ಅಂಗಳದಲ್ಲೇ ಕಾಣುತ್ತವೆ. ಟಿವಿ ಎಷ್ಟು ದೊಡ್ಡದು, ಟ್ರಂಕಿನಲ್ಲಿ ಏನಿದೆ, ದೇವರ ಜಗಲಿಯ ಮೇಲೆ ಯಾವ ದೇವರ ಪಟವಿದೆ ಎಂಬುದು ಯಾವ ಮಾನದಂಡದಲ್ಲೂ ಇಲ್ಲ.

ಪಟ್ಟಿಯಿಂದ ಆಗುವ ಹಾನಿ

ಬಾಗಿಲ ಬಳಿ ಆಗುವ ಮುಜುಗರಕ್ಕಿಂತ ದೊಡ್ಡ ಹಾನಿ ಕೆಲವೊಮ್ಮೆ ಪಂಚಾಯತಿಯ ನೋಟಿಸ್ ಬೋರ್ಡಿನಿಂದ ಆಗುತ್ತದೆ. ದೇವರಾಜ ಅರಸು ವಸತಿ ಯೋಜನೆಯು ವಿಧವೆಯರು, ಅಂಗವಿಕಲರು, ಅಲೆಮಾರಿಗಳು, ಮಾಜಿ ದೇವದಾಸಿಯರು, ಕುಷ್ಠರೋಗದಿಂದ ಗುಣಮುಖರಾದವರು, ಎಚ್‌ಐವಿ ಸೋಂಕಿತರು, ಲಿಂಗತ್ವ ಅಲ್ಪಸಂಖ್ಯಾತರು ಮುಂತಾದ ವಿಶೇಷ ವರ್ಗಗಳಿಗಾಗಿ ಇರುವ ಯೋಜನೆ. ಇದರ ಫಲಾನುಭವಿ ಪಟ್ಟಿಯಲ್ಲಿ ‘ವರ್ಗ’ ಎಂಬ ಅಂಕಣವಿದ್ದು, ಅದನ್ನು ಹಾಗೆಯೇ ಮುದ್ರಿಸಿ ಗೋಡೆಗೆ ಅಂಟಿಸಿದರೆ ಅಥವಾ ಗ್ರಾಮಸಭೆಯಲ್ಲಿ ಧ್ವನಿವರ್ಧಕದ ಮುಂದೆ ಓದಿದರೆ ಒಂದು ಕುಟುಂಬದ ಬದುಕು ಆ ಊರಿನಲ್ಲಿ ಮುಗಿದಂತೆ. ಮಗಳ ಮದುವೆ ನಿಲ್ಲಬಹುದು, ಅಂಗನವಾಡಿಯಲ್ಲಿ ಮಗುವನ್ನು ದೂರ ಕೂರಿಸಬಹುದು, ಕೂಲಿಗೆ ಕರೆಯುವವರು ಇಲ್ಲವಾಗಬಹುದು. ಸೂರು ಕೊಟ್ಟು ನೆರೆಹೊರೆಯನ್ನು ಕಸಿದುಕೊಂಡಂತಾಗುತ್ತದೆ.

2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯು ನಂಬಿಕೆಯಿಂದ ತಿಳಿಸಿದ ಸೋಂಕಿನ ಸ್ಥಿತಿಯನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಅಂತಹ ದಾಖಲೆ ಇಟ್ಟುಕೊಂಡ ಸಂಸ್ಥೆಗಳು ಅದನ್ನು ಸಂರಕ್ಷಿಸಬೇಕೆಂದೂ ಹೇಳುತ್ತದೆ. ಇಲ್ಲಿ ಸದಸ್ಯರು ಒಂದು ಸಹಜ ಪ್ರಶ್ನೆ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರ ಪ್ರಕಟಿಸಲು ಹೇಳುವುದಿಲ್ಲವೇ? ಹೇಳುತ್ತದೆ, ಮತ್ತು ಪ್ರಕಟಿಸಲೇಬೇಕು. ಹೆಸರು, ಯೋಜನೆ, ಮಂಜೂರಾದ ವರ್ಷ, ಬಿಡುಗಡೆಯಾದ ಮೊತ್ತ, ಮನೆಯ ಹಂತ ಇಷ್ಟನ್ನು ಪ್ರಕಟಿಸಿದರೆ ಸುಳ್ಳು ಮನೆ ತೋರಿಸಿ ಹಣ ಪಡೆದವರನ್ನು ಊರಿನವರು ಗುರುತಿಸಬಲ್ಲರು. ಯೋಜನೆಯೊಂದರಲ್ಲಿ ಹಲವು ವರ್ಗಗಳಿರುವುದರಿಂದ ಯೋಜನೆಯ ಹೆಸರಷ್ಟೇ ಯಾರ ಕಾಯಿಲೆಯನ್ನೂ ಹೇಳಿಬಿಡುವುದಿಲ್ಲ. ಉಪವರ್ಗದ ಅಂಕಣ ಮತ್ತು ವೈದ್ಯಕೀಯ ಪ್ರಮಾಣಪತ್ರಗಳು ಕಡತದಲ್ಲಿರಲಿ. ಅರ್ಹತೆಯನ್ನು ಖಚಿತಪಡಿಸುವ ಹೊಣೆ ಹೊತ್ತ ಅಧಿಕಾರಿಗಷ್ಟೇ ಅವು ಬೇಕು.

ಆಧಾರ್ ಸಂಖ್ಯೆಯ ವಿಷಯ ಇನ್ನೂ ನೇರವಾದದ್ದು. 2016ರ ಆಧಾರ್ ಕಾಯ್ದೆಯ 29ನೇ ಕಲಂ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. ಆದರೂ 2017ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯು ಪ್ರಕಟಿಸಿದ ವರದಿಯಲ್ಲಿ, ಪಿಂಚಣಿ ಮತ್ತು ಉದ್ಯೋಗ ಖಾತರಿ ಸೇರಿದಂತೆ ಸರ್ಕಾರದ ನಾಲ್ಕು ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿದ್ದವೆಂದು ಅಂದಾಜಿಸಲಾಗಿತ್ತು. ಕಳ್ಳತನ ನಡೆದಿರಲಿಲ್ಲ, ಪಟ್ಟಿಗಳನ್ನು ಎಲ್ಲ ಅಂಕಣಗಳೊಂದಿಗೆ ಹಾಗೆಯೇ ತೆರೆದಿಡಲಾಗಿತ್ತು. ಪಂಚಾಯತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಹಾಕಿ ‘ಇವರದು ಬಾಕಿ ಇದೆ, ನೋಡಿ’ ಎಂದು ಬರೆಯುವುದೂ ಅದೇ ಜಾತಿಯ ಕೆಲಸ. ಜಿಪಿಎಸ್ ಛಾಯಾಚಿತ್ರವನ್ನು ಇಲಾಖೆಯ ಆ್ಯಪ್ ಮೂಲಕ ಮಾತ್ರ ತೆಗೆಯಬೇಕು. ಮನೆಯ ಮುಂದೆ ನಿಂತ ಮಹಿಳೆಯ ಚಿತ್ರ ಸದಸ್ಯರ ಖಾಸಗಿ ಫೋನಿನಲ್ಲಿ ಉಳಿಯಲು ಕಾರಣವಿಲ್ಲ.

ಗೋಡೆಯ ಮೇಲಿನ ಬರಹದ ಬಗೆಗೂ ಎಚ್ಚರ ಬೇಕು. 2017ರಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಪಡಿತರ ಪಡೆಯುವವರ ಮನೆಗಳ ಮೇಲೆ ಇದು ಬಡ ಕುಟುಂಬವೆಂದು ದೊಡ್ಡಕ್ಷರಗಳಲ್ಲಿ ಬರೆಸಿದ್ದು ದೇಶದಾದ್ಯಂತ ಟೀಕೆಗೊಳಗಾಯಿತು. ಕೇರಳ ಸರ್ಕಾರವು ತನ್ನ ಲೈಫ್ ಮಿಷನ್ ಮನೆಗಳ ಮೇಲೆ ಕೇಂದ್ರ ಯೋಜನೆಯ ಲಾಂಛನ ಹಾಕಲು ಒಪ್ಪದಿರುವುದಕ್ಕೂ ಫಲಾನುಭವಿಯ ಘನತೆಯ ಕಾರಣವನ್ನೇ ಮುಂದಿಟ್ಟಿತ್ತು. ಕಲಬುರಗಿ ಜಿಲ್ಲೆಗೆ ಇದರ ಅನುಭವ ಬೇರೆ ರೀತಿಯಲ್ಲಿದೆ. ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು ಈ ಜಿಲ್ಲೆಯದು. 2020ರ ಆ ತಿಂಗಳುಗಳಲ್ಲಿ ಬಾಗಿಲಿಗೆ ಅಂಟಿಸಿದ ಒಂದು ಚೀಟಿ ಏನು ಮಾಡುತ್ತದೆಂಬುದನ್ನು ಇಲ್ಲಿನ ಜನ ಕಂಡಿದ್ದಾರೆ. ಅದೇ ವರ್ಷದ ಡಿಸೆಂಬರ್ 9ರಂದು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಸೋಂಕಿತರ ಮನೆಗಳ ಮೇಲೆ ಭಿತ್ತಿಪತ್ರ ಅಂಟಿಸುವ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು.

ಬೀಗ ಹಾಕಿದ ಮನೆ, ತೆರೆಯದ ಬಾಗಿಲು

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಹಿರೋಳ್ಳಿಯಂತಹ ಆಳಂದ ತಾಲ್ಲೂಕಿನ ಗ್ರಾಮಗಳಲ್ಲಿ ಮತ್ತೊಂದು ತೊಡಕಿದೆ. ತೊಗರಿ ರಾಶಿ ಮುಗಿದ ಮೇಲೆ ಅನೇಕ ಕುಟುಂಬಗಳು ಸೊಲ್ಲಾಪುರ, ಪುಣೆ, ಮುಂಬೈ ಕಡೆಗೆ ಗುಳೆ ಹೋಗುತ್ತವೆ. ಪರಿಶೀಲನೆಗೆ ಹೋದಾಗ ಬಾಗಿಲಿಗೆ ಬೀಗವಿರುತ್ತದೆ. ‘ವಾಸವಿಲ್ಲ’ ಎಂದು ಒಂದು ಪದದಲ್ಲಿ ವರದಿ ಬರೆದರೆ ಆ ಕುಟುಂಬದ ಕಂತು ತಡೆಯಬಹುದು. ಬೀಗ ಕಂಡದ್ದಕ್ಕೆ ‘ಬೀಗ ಹಾಕಿದೆ’ ಎಂದಷ್ಟೇ ಬರೆಯಬೇಕು. ಫೋನಿನಲ್ಲಿ ಸಂಪರ್ಕಿಸಿ, ಯುಗಾದಿಗೋ ಊರ ಜಾತ್ರೆಗೋ ಅವರು ಮರಳುವ ದಿನ ಕೇಳಿ ಎರಡನೇ ದಿನಾಂಕ ಗೊತ್ತುಪಡಿಸಬೇಕು. ಅವರು ಎಲ್ಲಿ ದುಡಿಯುತ್ತಾರೆ, ಯಾರೊಂದಿಗೆ ಇದ್ದಾರೆ ಎಂದು ಪಕ್ಕದ ಮನೆಯವರನ್ನು ವಿಚಾರಿಸುವುದು ಪರಿಶೀಲನೆಯ ಭಾಗವಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟ ಅಥವಾ ಮಾರಿದ ದೂರು ಬಂದಿದ್ದರೆ ಮಾತ್ರ ಪ್ರಶ್ನೆ ಬೇರೆ. ಅದಕ್ಕೆ ದೂರನ್ನು ಲಿಖಿತವಾಗಿ ಪಡೆದು ಫಲಾನುಭವಿಗೆ ನೋಟಿಸು ಕೊಡಬೇಕು.

ಮನೆಯಲ್ಲಿದ್ದೂ ಒಳಗೆ ಬಿಡದಿದ್ದರೆ? ಜನಗಣತಿಗಾಗಿ ಬರುವವರಿಗೆ 1948ರ ಕಾಯ್ದೆಯ 9ನೇ ಕಲಂ ಪ್ರವೇಶದ ಹಕ್ಕು ಕೊಡುತ್ತದೆ. ಅದರಲ್ಲೂ ‘ದೇಶದ ರೂಢಿಗೆ ಅನುಗುಣವಾಗಿ ಸಮಂಜಸವಾದಷ್ಟು’ ಎಂಬ ಅರ್ಥದ ಮಿತಿಯಿದೆ, ಮತ್ತು ಹಾಗೆ ಸಂಗ್ರಹಿಸಿದ ದಾಖಲೆ ಯಾರ ಪರಿಶೀಲನೆಗೂ ಲಭ್ಯವಿಲ್ಲವೆಂದು 15ನೇ ಕಲಂ ಹೇಳುತ್ತದೆ. ವಸತಿ ಯೋಜನೆಯ ಪರಿಶೀಲನೆಯಲ್ಲಿ ನಿರಾಕರಣೆಯ ಪರಿಣಾಮವು ಆ ಹಂತದ ಕಂತು ಕಾಯುವುದಕ್ಕೆ ಸೀಮಿತವಾಗಬೇಕು. ಪಡಿತರ, ನೀರಿನ ನಲ್ಲಿ, ಉದ್ಯೋಗ ಚೀಟಿಗೆ ಅದನ್ನು ತಳುಕು ಹಾಕುವಂತಿಲ್ಲ. ನಿರಾಕರಿಸಿದ ದಿನ, ಹೇಳಿದ ಕಾರಣ, ಗೊತ್ತುಪಡಿಸಿದ ಮುಂದಿನ ದಿನಾಂಕ ಮೂರನ್ನೂ ಸ್ಥಳ ಪರಿಶೀಲನಾ ವರದಿಯಲ್ಲಿ ಬರೆದು, ಅದರ ಪ್ರತಿಯನ್ನು ಫಲಾನುಭವಿಗೆ ಅಲ್ಲಿಯೇ ಕೊಡಬೇಕು. ಎರಡನೇ ಬಾರಿಯೂ ಒಪ್ಪಿಗೆ ಸಿಗದಿದ್ದಲ್ಲಿ ಕಡತವನ್ನು ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಸಲ್ಲಿಸಬೇಕು.