ಒಂದು ಗ್ರಾಂ ತೂಗದ ಟಿಎನ್‌ಎಫ್

ಹಾಸನ ಜಿಲ್ಲೆಯ ನಮ್ಮ ಮಗ್ಗೆಯ ಕಡೆ ಯಾರಿಗಾದರೂ ಮಲದಲ್ಲಿ ರಕ್ತ ಕಂಡರೆ ‘ಉಷ್ಣ ಆಗಿದೆ’ ಅನ್ನುತ್ತಾರೆ. ಆಮೇಲೆ ಮೂಲವ್ಯಾಧಿಯ ಮದ್ದು, ಆಮಶಂಕೆಯ ಮಾತ್ರೆ. ಯಾವುದಕ್ಕೂ ನಿಲ್ಲದೆ ಹಾಸನಕ್ಕೋ ಮಂಗಳೂರಿಗೋ ಹೋಗಿ ಕೊಲೊನೊಸ್ಕೋಪಿ ಮಾಡಿಸಿದಾಗ ಕೆಲವರಿಗೆ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾಗುತ್ತದೆ. ಪಂಜಾಬಿನಲ್ಲಿ 51,910 ಜನರನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಲಕ್ಷಕ್ಕೆ 44 ಮಂದಿಗೆ ಈ ಕಾಯಿಲೆಯಿತ್ತು. ಅದೇ ದರವನ್ನು 2011ರ ಜನಗಣತಿಯ ನಮ್ಮ ಜಿಲ್ಲೆಗೆ ಹಚ್ಚಿದರೆ ಹತ್ತಿರ ಹತ್ತಿರ 800 ಜನ.

ಇದು ಕರುಳಿನ ಶಾಂತಿ ಕದಡುವ ರೋಗ. ಆ ಶಾಂತಿ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ, ಕೆಡುವುದಕ್ಕಿಂತ ಅದು ಉಳಿದುಕೊಂಡಿರುವುದೇ ಸೋಜಿಗ.

ಬಾಯಿಯಿಂದ ಗುದದವರೆಗಿನ ಒಳಪೊರೆಯನ್ನು ಬಿಡಿಸಿ ಹಾಸಿದರೆ ಸುಮಾರು 32 ಚದರ ಮೀಟರ್: ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಕಾಫಿ ಕಣ. ಕರುಳಿನಲ್ಲಿ ಆ ಪೊರೆಯ ಮೇಲ್ಪದರದ ದಪ್ಪ ಒಂದೇ ಒಂದು ಜೀವಕೋಶ, ಅದೂ ಮೂರರಿಂದ ಐದು ದಿನಕ್ಕೊಮ್ಮೆ ಪೂರಾ ಹೊಸದಾಗುತ್ತದೆ. ಪದರದ ಆಚೆ 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು. ಈಚೆ, ಒಂದು ಕೂದಲೆಳೆಗಿಂತ ಕಡಿಮೆ ದೂರದಲ್ಲಿ, ಅವುಗಳನ್ನು ಕೊಲ್ಲಬಲ್ಲ ರಕ್ಷಣಾ ಜೀವಕೋಶಗಳು. ಆದರೂ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ.

ಈ ಗಡಿ ಕಾಯುವುದು ಅಣುಗಳ ಕೆಲಸ. ಐಜಿಎ ಎಂಬ ಪ್ರತಿಕಾಯವನ್ನು ಕರುಳು ದಿನಕ್ಕೆ ಮೂರು ಗ್ರಾಮಿಗೂ ಹೆಚ್ಚು ಸುರಿಯುತ್ತದೆ. ಅಣು ಅಣು ಎಣಿಸಿದರೆ ಒಂದು ಬ್ಯಾಕ್ಟೀರಿಯಕ್ಕೆ ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ. ಇದು ಧಾರಾಳದ ಲೆಕ್ಕ. ಟಿಎನ್‌ಎಫ್‌ನದು ಇದಕ್ಕೆ ತದ್ವಿರುದ್ಧ. ಉರಿಯೂತ ಹಚ್ಚುವ ಈ ಅಣು ಆರೋಗ್ಯವಂತರ ರಕ್ತದಲ್ಲಿ ಇರುವುದು ಮಿಲಿಲೀಟರಿಗೆ ಕೆಲವೇ ಪಿಕೊಗ್ರಾಂ. ಎರಡು ಪಿಕೊಗ್ರಾಂ ಎಂದಿಟ್ಟುಕೊಳ್ಳಿ. ಆರು ಕೋಟಿ ಕನ್ನಡನಾಡಿನವರ ರಕ್ತದಲ್ಲಿರುವ ಟಿಎನ್‌ಎಫ್ ಅನ್ನೆಲ್ಲ ಒಟ್ಟುಮಾಡಿದರೂ ಒಂದು ಗ್ರಾಂ ತೂಗುವುದಿಲ್ಲ! ಹಾಗೆಂದು ಅಲ್ಪವೇನಲ್ಲ. ಒಂದೇ ಪಿಕೊಗ್ರಾಮಿನಲ್ಲಿ ಒಂದು ಕೋಟಿಗೂ ಹೆಚ್ಚು ಅಣುಗಳಿರುತ್ತವೆ.

ಉರಿಯೂತದ ಕರುಳಿನಲ್ಲಿ ಈ ಅಣು ಹದ ಮೀರುತ್ತದೆ. ಅದನ್ನು ಹಿಡಿದು ಕಟ್ಟಿಹಾಕುವ ಔಷಧಿ ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಗಾಗಿ ಒಪ್ಪಿಗೆ ಸಿಕ್ಕಿತು. 60 ಕಿಲೊ ತೂಕದವರಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ. ಆರೋಗ್ಯವಂತರೊಬ್ಬರ ರಕ್ತದಲ್ಲಿರುವ ಟಿಎನ್‌ಎಫ್‌ನ ತೂಕಕ್ಕೆ ಹೋಲಿಸಿದರೆ ಮೂರು ಕೋಟಿ ಪಟ್ಟು. ಆದರೆ ಶ್ವಾಸಕೋಶದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯವನ್ನು ಏಳದಂತೆ ಅದುಮಿಟ್ಟಿರುವುದೂ ಇದೇ ಟಿಎನ್‌ಎಫ್. ಈ ಔಷಧಿ ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡದ್ದು 2001ರಲ್ಲಿ ವರದಿಯಾಯಿತು. ಅವರಲ್ಲಿ 48 ಮಂದಿ ಪಡೆದಿದ್ದದ್ದು ಮೂರು ಡೋಸು, ಇಲ್ಲವೇ ಅದಕ್ಕೂ ಕಡಿಮೆ. ಕ್ಷಯ ಮನೆಮಾತಾಗಿರುವ ನಮ್ಮ ದೇಶದಲ್ಲಿ ಮೊದಲು ಅದರ ಪರೀಕ್ಷೆ ಮಾಡದೆ ಈ ಮದ್ದು ಮುಟ್ಟಲೇಬಾರದು.

ಬೆಂಗಳೂರಿನ ಬಯೋಕಾನ್ ಬೇರೆ ದಾರಿ ಹಿಡಿದಿದೆ. ಹವಾನಾದ ವಿಜ್ಞಾನಿಗಳ ಜೊತೆ ಬೆಳೆಸಿದ ಅದರ ಇಟೊಲಿಜುಮ್ಯಾಬ್ 2013ರಲ್ಲಿ ಚರ್ಮರೋಗ ಸೋರಿಯಾಸಿಸ್‌ಗೆ ಮಾರುಕಟ್ಟೆಗೆ ಬಂತು. ಅದು ರಕ್ಷಣಾ ಪಡೆಯ ಟಿ ಜೀವಕೋಶದ ಮೈಮೇಲಿನ ಸಿಡಿ6 ಎಂಬ ಗುಂಡಿಗೆ ಅಂಟಿ ಜೀವಕೋಶವನ್ನೇ ತಣ್ಣಗಾಗಿಸುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ಗೂ ಭಾರತದ ರೋಗಿಗಳ ಮೇಲೆ ಅದರ ಎರಡನೇ ಹಂತದ ಪ್ರಯೋಗ ನಡೆದಿದೆ.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಐಎಲ್-10. ‘ಸಾಕು, ನಿಲ್ಲಿಸು’ ಎನ್ನುವ ಅಣು ಅದು. ಅದಿಲ್ಲದಂತೆ ಬೆಳೆಸಿದ ಇಲಿಗಳ ಕರುಳು ತಾನಾಗಿ ಉರಿದುಹೋದದ್ದು 1993ರಲ್ಲಿ ತಿಳಿಯಿತು. 2009ರಲ್ಲಿ ಅದೇ ಕಥೆ ಹಸುಗೂಸುಗಳಲ್ಲಿ ಸಿಕ್ಕಿತು. ಹುಟ್ಟಿದ ಮೊದಲ ವರ್ಷದೊಳಗೇ ಕರುಳು ಹುಣ್ಣಾಗಿ, ಗುದದ ಸುತ್ತ ತೂತು ಬಿದ್ದು ನರಳುತ್ತಿದ್ದ ಮಕ್ಕಳು ಅವು. ಕೆಲವರಲ್ಲಿ ಐಎಲ್-10ರ ಮಾತು ಕೇಳಿಸಿಕೊಳ್ಳುವ ಗ್ರಾಹಕದ ಒಂದು ಎಳೆಯ 578 ಅಮೈನೊ ಆಮ್ಲಗಳಲ್ಲಿ ಒಂದು ಬದಲಾಗಿತ್ತು, ಒಂದೇ ಒಂದು. ಗ್ರಾಹಕ ಕೆಟ್ಟಿದ್ದ ಮಕ್ಕಳಲ್ಲಿ ಒಬ್ಬರಿಗೆ ಬೇರೆಯವರ ರಕ್ತದ ಮೂಲಕೋಶಗಳನ್ನು ಕಸಿ ಮಾಡಿದರು. ಹೊಸ ಕೋಶಗಳ ಗ್ರಾಹಕ ಸರಿಯಿತ್ತು. ಕರುಳಿನ ಉರಿ ಶಮನವಾಯಿತು, ಮತ್ತೆ ಮರುಕಳಿಸದೆ ಉಳಿಯಿತು.