ಸ್ಕೂಬಾ ಕೇಂದ್ರದ ಆಯ್ಕೆ: ಮುಂಗಡ ಕಟ್ಟುವ ಮುನ್ನ ಒಂದು ಪರಿಶೋಧನೆ

ಇಂದಿರಾನಗರ, ಹಲಸೂರು, ಕೃಷ್ಣರಾಜಪುರ ಭಾಗದ ಅನೇಕ ಉದ್ದಿಮೆಗಳು ತಮ್ಮ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿಯನ್ನು ಇಟ್ಟುಕೊಂಡಿವೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ನೇರ ರೈಲು ದೊರೆತ ಮೇಲೆ, ಅಲ್ಲಿಂದ ಸುಮಾರು 10 ನಾಟಿಕಲ್ ಮೈಲು ದೂರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವುದು ಇಂಥ ಪ್ರವಾಸಗಳ ಆಕರ್ಷಣೆಗಳಲ್ಲಿ ಒಂದಾಗಿದೆ. ಈಜು ಬಾರದವರೂ ನೀರಿಗಿಳಿಯುತ್ತಾರೆ. ಆದುದರಿಂದ ಕೇಂದ್ರದ ಆಯ್ಕೆ ಕೇವಲ ದರದ ಪ್ರಶ್ನೆಯಲ್ಲ.

ಒಂದು ತಪ್ಪೊಪ್ಪಿಗೆ

ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಸಿಬ್ಬಂದಿಯೊಡನೆ ನಾನೂ ಕರಾವಳಿಗೆ ಹೋಗಿದ್ದೆ. ಕೇಂದ್ರದಲ್ಲಿ ಕೊಟ್ಟ ಆರೋಗ್ಯ ಪತ್ರದಲ್ಲಿ ರಕ್ತದೊತ್ತಡದ ಪ್ರಶ್ನೆಯಿತ್ತು. ನಾನು ನಿತ್ಯವೂ ಮಾತ್ರೆ ಸೇವಿಸುವವನು. ಹಾಗೆಂದಾಗ ಅಲ್ಲಿದ್ದ ಯುವಕ, "ಎಲ್ಲಕ್ಕೂ ಇಲ್ಲ ಅಂತ ಬರೆದುಬಿಡಿ ಸಾರ್, ಇಲ್ಲದಿದ್ದರೆ ಡಾಕ್ಟರ್ ಚೀಟಿ ಕೇಳಬೇಕಾಗುತ್ತೆ" ಎಂದ. ದೋಣಿ ಹೊರಡುವುದರಲ್ಲಿತ್ತು, ಜೊತೆಯವರು ಕಾಯುತ್ತಿದ್ದರು. ಲೆಕ್ಕಪುಸ್ತಕ ನೋಡದೆ ಎಲ್ಲಿಯೂ ಸಹಿ ಹಾಕದ ನಾನು ಅಂದು ಸುಳ್ಳು ಹೇಳಿಕೆಗೆ ಸಹಿ ಹಾಕಿದೆ. ಅಪಾಯವೇನೂ ಆಗಲಿಲ್ಲ. ಆದರೆ ಆಗಿದ್ದರೆ, ಆ ಸಹಿಯೇ ನನ್ನ ಕುಟುಂಬದ ವಿರುದ್ಧದ ಮೊದಲ ಸಾಕ್ಷ್ಯವಾಗುತ್ತಿತ್ತು. ವಿಮಾ ಕಂಪನಿಯೂ ಅದನ್ನೇ ಎತ್ತಿ ತೋರಿಸುತ್ತಿತ್ತು. ಅಂದಿನಿಂದ ನಾನು ಅನುಸರಿಸುತ್ತಿರುವ ಪರಿಶೀಲನಾ ಕ್ರಮವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

1. ಆರೋಗ್ಯ ಪತ್ರ

ಅಸ್ತಮಾ, ಹೃದ್ರೋಗ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ ಮುಂತಾದವುಗಳ ಬಗ್ಗೆ ಕೇಳುವ ಪತ್ರವನ್ನು ಉತ್ತಮ ಕೇಂದ್ರವು ಪ್ರವಾಸಕ್ಕೆ ಕೆಲವು ದಿನ ಮೊದಲೇ ಕಳುಹಿಸುತ್ತದೆ. ಯಾವುದಾದರೂ ಉತ್ತರ "ಹೌದು" ಎಂದಿದ್ದರೆ ವೈದ್ಯರ ಒಪ್ಪಿಗೆ ಕೇಳುತ್ತದೆ. ಪತ್ರವನ್ನೇ ಕೇಳದ, ಅಥವಾ "ಇಲ್ಲ ಎಂದು ಬರೆಯಿರಿ" ಎನ್ನುವ ಕೇಂದ್ರವನ್ನು ಅಲ್ಲಿಗೇ ಬಿಡುವುದು ಲೇಸು.

2. ಬೋಧಕ

ಪಾಡಿ, ಎಸ್‌ಎಸ್‌ಐ ಮೊದಲಾದ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು ಬೋಧಕರಿಗೆ ಪ್ರಮಾಣಪತ್ರ ನೀಡುತ್ತವೆ. ಕೇಂದ್ರದ ಫಲಕದ ಮೇಲಿನ ಲಾಂಛನವನ್ನಷ್ಟೇ ನೋಡಿ ತೃಪ್ತರಾಗಬಾರದು. ನಮ್ಮನ್ನು ನೀರಿಗಿಳಿಸುವ ವ್ಯಕ್ತಿಯ ಹೆಸರು ಮತ್ತು ಸದಸ್ಯತ್ವ ಸಂಖ್ಯೆಯನ್ನು ಕೇಳಿ, ಆಯಾ ಸಂಸ್ಥೆಯಲ್ಲಿಯೇ ತಾಳೆ ನೋಡಬೇಕು. ತರಬೇತಿಯಿಲ್ಲದವರಿಗೆ ನೀಡುವ ಪರಿಚಯಾತ್ಮಕ ಡೈವ್‌ನ ಗರಿಷ್ಠ ಆಳ 12 ಮೀಟರ್. ಪಾಡಿ ನಿಯಮದಂತೆ ಸಮುದ್ರದಲ್ಲಿ ಒಬ್ಬ ಬೋಧಕನಿಗೆ ನಾಲ್ವರಿಗಿಂತ ಹೆಚ್ಚು ಹೊಸಬರಿರುವಂತಿಲ್ಲ. ಇನ್ನೂ ಆಳಕ್ಕೆ ಕರೆದೊಯ್ಯುತ್ತೇವೆ ಎಂಬ ಮಾತು ಔದಾರ್ಯವಲ್ಲ, ನಿಯಮಭಂಗ.

10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯದಕ್ಕಿಂತ ಎರಡು ಪಟ್ಟಾಗಿರುತ್ತದೆ. ಅಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಾಪಾಯವಾಗಬಹುದು. ಉಸಿರಾಟ, ಕಿವಿಯ ಒತ್ತಡ ಸರಿಪಡಿಸುವುದು, ಮುಖಕವಚದ ನೀರು ತೆಗೆಯುವುದು, ಕೈಸನ್ನೆ, ಇವನ್ನು ಕಡಿಮೆ ಆಳದ ನೀರಿನಲ್ಲಿ ಅಭ್ಯಾಸ ಮಾಡಿಸದ ಕೇಂದ್ರ ಯೋಗ್ಯವಲ್ಲ.

3. ಸಲಕರಣೆ ಮತ್ತು ದೋಣಿ

ಸಿಲಿಂಡರಿನ ಭುಜದ ಮೇಲೆ ಒತ್ತಡ ಪರೀಕ್ಷೆಯ ದಿನಾಂಕವನ್ನು ಅಚ್ಚೊತ್ತಿರುತ್ತಾರೆ. ಸಾಮಾನ್ಯವಾಗಿ ಈ ಪರೀಕ್ಷೆ 5 ವರ್ಷಕ್ಕೊಮ್ಮೆ ನಡೆಯಬೇಕು. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ವೈರ್‌ಲೆಸ್ ಸಂಪರ್ಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು ತುರ್ತು ಆಮ್ಲಜನಕ ಇವೆಯೇ ಎಂದು ಕೇಳಬೇಕು. ಡೈವ್‌ಗೆ ಬಳಸುವ ಸಿಲಿಂಡರಿನಲ್ಲಿರುವುದು ಸಾಮಾನ್ಯ ಗಾಳಿ; ಅದನ್ನು ತೋರಿಸಿ ಆಮ್ಲಜನಕವಿದೆ ಎಂದರೆ ಒಪ್ಪಬಾರದು. ಮಳೆಗಾಲದಲ್ಲಿ ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ. ಉಳಿದ ತಿಂಗಳುಗಳಲ್ಲಿಯೂ ಕಡಲು ಒರಟಾದ ದಿನ "ಇಂದು ಬೇಡ" ಎಂದು ಹಣ ಹಿಂದಿರುಗಿಸುವ ಕೇಂದ್ರವೇ ನಂಬಿಕೆಗೆ ಅರ್ಹ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಅದು ಡೈವಿಂಗ್ ಅಪಘಾತವಲ್ಲವಾದರೂ, ಆ ಕಡಲು ಎಂಥದೆಂಬುದನ್ನು ಮರೆಯುವಂತಿಲ್ಲ.

4. ಕಾಗದಪತ್ರ

ಬೆಂಗಳೂರಿನಲ್ಲಿ ಮುಂಗಡ ಪಡೆಯುವವರಲ್ಲಿ ಅನೇಕರು ಕೇವಲ ಮಧ್ಯವರ್ತಿಗಳು. ನೀರಿಗಿಳಿಸುವ ಸಂಸ್ಥೆ ಯಾವುದೆಂಬುದನ್ನು ಬರಹದಲ್ಲಿ ಪಡೆಯಬೇಕು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ನೋಂದಣಿ ದಿನಾಂಕ ಮತ್ತು ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಣ್ಣ ವಹಿವಾಟಿನವರಿಗೆ ನೋಂದಣಿ ಇಲ್ಲದಿರುವುದು ದೋಷವಲ್ಲ. ಆದರೆ ನೋಂದಣಿಯಿಲ್ಲದೆ ತೆರಿಗೆ ವಸೂಲು ಮಾಡುವುದು ಖಂಡಿತ ದೋಷ. ತೆರಿಗೆ ದಾಖಲೆ ಸರಿಯಿದ್ದ ಮಾತ್ರಕ್ಕೆ ಡೈವಿಂಗ್ ಸುರಕ್ಷಿತವೆಂದೂ ಭಾವಿಸಬಾರದು.

ಅನೇಕ ಅಪಘಾತ ವಿಮಾ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರತುಪಡಿಸಿರುತ್ತವೆ. ಸಿಬ್ಬಂದಿಯನ್ನು ಕಳುಹಿಸುವ ಮಾಲೀಕರು ತಮ್ಮ ಗುಂಪು ಪಾಲಿಸಿಯ ಈ ಭಾಗವನ್ನು ಓದಿಯೇ ಮುಂದುವರಿಯಬೇಕು. "ಯಾವ ಹೊಣೆಯೂ ನಮ್ಮದಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸೇವಾ ನ್ಯೂನತೆಯ ವಿರುದ್ಧ ದೂರುವ ಹಕ್ಕು ತಾನಾಗಿ ನಶಿಸದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 34ನೇ ಕಲಮಿನಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹಲಸೂರಿನ ನಿವಾಸಿ ಇದಕ್ಕಾಗಿ ಉತ್ತರ ಕನ್ನಡಕ್ಕೆ ಅಲೆಯಬೇಕಾಗಿಲ್ಲ. ಕಾಲಮಿತಿ 2 ವರ್ಷ, ರಸೀದಿ ಅತ್ಯಗತ್ಯ.

5. ಹಿಂದಿರುಗುವ ಪ್ರಯಾಣ

ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ವಿಮಾನವೇರಬಾರದೆಂಬುದು ತಜ್ಞರ ಸಲಹೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ, ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಳಾಗುವ ಸಂಭವವಿರುವುದೇ ಇದಕ್ಕೆ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದುದರಿಂದ ಅಂದೇ ಘಟ್ಟ ಹತ್ತಿ ಬರುವವರೂ ಬೋಧಕರ ಸಲಹೆ ಪಡೆಯಬೇಕು. ಈ ವಿಷಯವನ್ನು ನಾವು ಕೇಳುವ ಮೊದಲೇ ಹೇಳುವ ಕೇಂದ್ರ ಸಿಕ್ಕಿದರೆ, ಆಯ್ಕೆ ಬಹುಪಾಲು ಸರಿಯಾಗಿದೆ ಎಂದು ತಿಳಿಯಬಹುದು.

ಇವೆಲ್ಲವನ್ನೂ ವಿಚಾರಿಸಲು ಅರ್ಧ ಗಂಟೆಯ ದೂರವಾಣಿ ಮಾತುಕತೆ ಸಾಕು. ಉತ್ತರಿಸಲು ಬೇಸರಪಡುವವರಿಗೆ ಮುಂಗಡ ಕಟ್ಟಬೇಡಿ. ಆರೋಗ್ಯ ಪತ್ರದಲ್ಲಿ ಮಾತ್ರ, ನನ್ನಂತೆ ಮಾಡದೆ, ನಿಜವನ್ನೇ ಬರೆಯಿರಿ.